ಹಳೆಯ ಪಿಕಪ್‌ನ ಗೇರ್‌ಬಾಕ್ಸ್ ಬದಲಾವಣೆ: ದುರಸ್ತಿಯೋ, ಮಾರ್ಪಾಟೋ?

ವ್ಯಾಪಾರಿಯ ಅಥವಾ ಸಣ್ಣ ಕೈಗಾರಿಕೋದ್ಯಮಿಯ ಆಸ್ತಿಗಳ ಪಟ್ಟಿಯಲ್ಲಿ ಅತಿ ಹೆಚ್ಚು ದುಡಿಯುವ, ಆದರೆ ಲೆಕ್ಕಪತ್ರಗಳಲ್ಲಿ ಅತಿ ಕಡಿಮೆ ಗಮನ ಪಡೆಯುವ ಆಸ್ತಿಯೆಂದರೆ ಸರಕು ಸಾಗಿಸುವ ಪಿಕಪ್ ವಾಹನ. ಅದು ಕೊಂಡ ದಿನ ಪುಸ್ತಕಕ್ಕೆ ಸೇರುತ್ತದೆ, ವರ್ಷಕ್ಕೊಮ್ಮೆ ಸವಕಳಿಗೆ ಒಳಪಡುತ್ತದೆ. ನಡುವೆ ಅದರ ಮೇಲೆ ಆಗುವ ವೆಚ್ಚವೆಲ್ಲವೂ ‘ವಾಹನ ದುರಸ್ತಿ’ ಎಂಬ ಒಂದೇ ಖಾತೆಗೆ ಬೀಳುತ್ತದೆ. ಸಾಮಾನ್ಯ ದಿನಗಳಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಹಳೆಯ ವಾಹನದ ಗೇರ್‌ಬಾಕ್ಸ್ ಕೆಟ್ಟು, ‘ಅದೇ ಬಗೆಯದನ್ನು ಹಾಕಿಸುವುದರ ಬದಲು ಬೇರೆ ಬಗೆಯದನ್ನೇ ಹಾಕಿಸೋಣ’ ಎಂಬ ಆಲೋಚನೆ ಬಂದಾಗ ಪ್ರಶ್ನೆ ಕೇವಲ ಗ್ಯಾರೇಜಿನದಾಗಿ ಉಳಿಯುವುದಿಲ್ಲ. ನೋಂದಣಿ, ವಿಮೆ, ಆದಾಯ ತೆರಿಗೆ, ಸರಕು ಮತ್ತು ಸೇವಾ ತೆರಿಗೆ ಎಲ್ಲವೂ ಅದರೊಡನೆ ಎದ್ದು ನಿಲ್ಲುತ್ತವೆ.

ಈ ವಿಷಯವನ್ನು ಅರಿಯಲು ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಒಂದು ಕೆಲಸವನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಅದೆಂದರೆ ಹಳೆಯ ಪಿಕಪ್‌ನ ಸ್ವಯಂಚಾಲಿತ ಗೇರ್‌ಬಾಕ್ಸನ್ನು ತೆಗೆದು, ಕ್ಲಚ್ ಸಹಿತವಾದ ಕೈಚಾಲಿತ ಗೇರ್‌ಬಾಕ್ಸನ್ನು ಜೋಡಿಸುವುದು. ನಮ್ಮಲ್ಲಿ ಪಿಕಪ್‌ಗಳು ಬಹುಪಾಲು ಕೈಚಾಲಿತವಾಗಿಯೇ ಬರುತ್ತವೆ. 2022ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಹೈಲಕ್ಸ್‌ನಂತಹ ಕೆಲವು ಮಾದರಿಗಳಲ್ಲಿ ಮಾತ್ರ ಸ್ವಯಂಚಾಲಿತ ಆಯ್ಕೆಯುಂಟು. ಆದರೂ ವಾಹನದ ಮುಖ್ಯ ಭಾಗವೊಂದರ ಬಗೆಯನ್ನೇ ಬದಲಿಸಿದರೆ ಏನೇನು ಹಿಂಬಾಲಿಸುತ್ತದೆ ಎಂಬುದನ್ನು ಈ ಉದಾಹರಣೆಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ದೊರೆಯದು. ಮೊದಲು ಅಲ್ಲಿನ ಕೆಲಸದ ಸ್ವರೂಪವನ್ನು ನೋಡಿ, ಬಳಿಕ ನಮ್ಮ ಕಾನೂನು ಮತ್ತು ಲೆಕ್ಕಕ್ಕೆ ಬರೋಣ.

ಎರಡು ಬಗೆಗಳ ವ್ಯತ್ಯಾಸ

ಕೈಚಾಲಿತ ವ್ಯವಸ್ಥೆಯಲ್ಲಿ ಎಂಜಿನ್‌ನ ಹಿಂಬದಿಗೆ ಭಾರವಾದ ಫ್ಲೈವೀಲ್ ಇರುತ್ತದೆ. ಅದಕ್ಕೆ ಒತ್ತಿ ನಿಲ್ಲುವ ಕ್ಲಚ್ ಫಲಕದ ಮೂಲಕ ಶಕ್ತಿಯು ಗೇರ್‌ಬಾಕ್ಸಿಗೆ ಸಾಗುತ್ತದೆ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಫ್ಲೈವೀಲ್‌ನ ಸ್ಥಾನದಲ್ಲಿ ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಫಲಕ, ಕ್ಲಚ್ಚಿನ ಸ್ಥಾನದಲ್ಲಿ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತವೆ. ಇಲ್ಲಿ ಶಕ್ತಿಯನ್ನು ಸಾಗಿಸುವುದು ಎಣ್ಣೆಯ ಚಲನೆ. ಆದ್ದರಿಂದ ಸ್ವಲ್ಪ ಜಾರುವಿಕೆ ಇದ್ದೇ ಇರುತ್ತದೆ ಮತ್ತು ಆ ಜಾರುವಿಕೆ ಶಾಖವಾಗಿ ಮಾರ್ಪಡುತ್ತದೆ. ಭಾರ ಹೊತ್ತು ಘಟ್ಟ ಏರುವಾಗ ಈ ಶಾಖ ಹೆಚ್ಚುತ್ತದೆ. ಶಾಖದಿಂದ ಎಣ್ಣೆ ಕೆಡುತ್ತದೆ. ಎಣ್ಣೆ ಕೆಟ್ಟರೆ ಒಳಗಿನ ಫಲಕಗಳು ಸವೆಯುತ್ತವೆ.

ಹಳೆಯ ವಾಹನದ ಮಾಲೀಕರು ಪರಿವರ್ತನೆಯತ್ತ ಒಲಿಯಲು ಇದೇ ಮುಖ್ಯ ಕಾರಣ. ಸ್ವಯಂಚಾಲಿತ ಗೇರ್‌ಬಾಕ್ಸನ್ನು ಬಿಚ್ಚಿ ಪುನರ್ನಿರ್ಮಿಸುವುದು ತಜ್ಞರ ಕೆಲಸ, ದುಬಾರಿಯೂ ಹೌದು. ಕೈಚಾಲಿತ ಗೇರ್‌ಬಾಕ್ಸ್ ಸರಳ. ಅದರಲ್ಲಿ ಸವೆಯುವ ಮುಖ್ಯ ಭಾಗವಾದ ಕ್ಲಚ್ಚನ್ನು ಸಾಧಾರಣ ಗ್ಯಾರೇಜಿನಲ್ಲಿಯೇ ಬದಲಿಸಬಹುದು. ಹಳೆಯ ಸ್ವಯಂಚಾಲಿತ ವಾಹನಗಳಿಗೆ ಹೋಲಿಸಿದರೆ ಇಂಧನದಲ್ಲಿಯೂ ಸ್ವಲ್ಪ ಉಳಿತಾಯವಿದೆ. ಈ ಕೊನೆಯ ಮಾತು ಇಂದಿನ ಹೊಸ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳಿಗೆ ಅನ್ವಯಿಸುವುದಿಲ್ಲ; ಅವು ಇಂಧನ ಮಿತವ್ಯಯದಲ್ಲಿ ಕೈಚಾಲಿತಕ್ಕೆ ಸರಿಸಮನಾಗಿ ನಿಲ್ಲುತ್ತವೆ.

ಬಿಲ್ಲಿನಲ್ಲಿ ಕಾಣುವ ಮತ್ತು ಕಾಣದ ಭಾಗಗಳು

ತಾಂತ್ರಿಕ ತೀರ್ಮಾನ ಮೆಕ್ಯಾನಿಕ್‌ಗೆ ಸೇರಿದ್ದು. ಆದರೆ ಹಣ ಕೊಡುವವನು ಅಂದಾಜು ಪಟ್ಟಿಯನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟಾದರೂ ವಿಷಯವನ್ನು ತಿಳಿದಿರಬೇಕು. ಗೇರ್‌ಬಾಕ್ಸ್ ಎಂಬುದು ಈ ಪಟ್ಟಿಯ ಮೊದಲ ಸಾಲು ಮಾತ್ರ. ಅದರ ಹಿಂದೆ ಬರುವವು ಹೀಗಿವೆ:

1. ಫ್ಲೈವೀಲ್, ಕ್ಲಚ್ ಫಲಕ, ಒತ್ತು ಫಲಕ, ಬಿಡುಗಡೆ ಬೇರಿಂಗ್ ಮತ್ತು ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಕೂರುವ ಪೈಲಟ್ ಬೇರಿಂಗ್.

2. ಕ್ಲಚ್ ಪೆಡಲ್, ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಮತ್ತು ಅವುಗಳ ನಡುವಿನ ಕೊಳವೆ.

3. ಗೇರ್‌ಬಾಕ್ಸನ್ನು ಹೊರುವ ಅಡ್ಡ ತೊಲೆ. ಎರಡು ಬಗೆಗಳ ಉದ್ದ ಬೇರೆಯಾದಾಗ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಅಥವಾ ಬದಲಿಸಿ ಸಮತೋಲನಗೊಳಿಸುವ ಕೆಲಸ.

4. ಗೇರ್ ಸನ್ನೆಗಾಗಿ ಕ್ಯಾಬಿನ್‌ನ ನೆಲದಲ್ಲಿ ರಂಧ್ರ, ಅದರ ಮುಚ್ಚಿಗೆ, ವೇಗಮಾಪಕದ ಜೋಡಣೆ.

5. ವಿದ್ಯುತ್ ಕೆಲಸ. ಸ್ವಯಂಚಾಲಿತ ವಾಹನವು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದಾಗ ಮಾತ್ರ ಚಾಲೂ ಆಗುವಂತೆ ಒಂದು ಸುರಕ್ಷತಾ ಸ್ವಿಚ್ ಇರುತ್ತದೆ. ಅದರ ಬದಲಿಗೆ ಕ್ಲಚ್ ಪೆಡಲ್ಲಿಗೆ ಸ್ವಿಚ್ ಅಳವಡಿಸಬೇಕು. ಹಿಮ್ಮುಖ ದೀಪದ ಸಂಪರ್ಕವನ್ನೂ ಹೊಸದಾಗಿ ಎಳೆಯಬೇಕು.

6. ಕೈ ಬ್ರೇಕ್. ಸ್ವಯಂಚಾಲಿತ ವಾಹನದಲ್ಲಿ ‘ಪಾರ್ಕ್’ ಸ್ಥಾನವೇ ಚಕ್ರವನ್ನು ಬಿಗಿಹಿಡಿಯುತ್ತಿತ್ತು. ಪರಿವರ್ತನೆಯ ನಂತರ ಆ ಆಸರೆಯಿಲ್ಲ. ಬಹುಕಾಲ ಬಳಸದೆ ತುಕ್ಕು ಹಿಡಿದ ಕೈ ಬ್ರೇಕನ್ನು ಸರಿಪಡಿಸದೆ ವಾಹನವನ್ನು ಇಳಿಜಾರಿನಲ್ಲಿ ನಿಲ್ಲಿಸುವಂತಿಲ್ಲ.

ಭಾಗಗಳು ಹೊಂದಿಕೆಯಾಗಬೇಕೆಂಬುದು ಇನ್ನೊಂದು ಕಟ್ಟುಪಾಡು. ಫೋರ್ಡ್ ಕಂಪನಿಯ 302 ಘನ ಅಂಗುಲದ ಎಂಜಿನ್ನನ್ನೇ ನೋಡಿ. ಅದರ ಫ್ಲೈವೀಲ್‌ನಲ್ಲಿ ಸಮತೋಲನಕ್ಕಾಗಿ ಇಡುವ ತೂಕವು 1980ರ ದಶಕದ ಆರಂಭದಲ್ಲಿ 28 ಔನ್ಸ್ ಗುಣಮಾನದಿಂದ 50ಕ್ಕೆ ಬದಲಾಯಿತು. ನೋಡಲು ಒಂದೇ ಬಗೆಯಾದ, ಬೋಲ್ಟುಗಳೂ ಸರಿಹೊಂದುವ ಫ್ಲೈವೀಲನ್ನು ವರ್ಷ ನೋಡದೆ ತಂದರೆ ಎಂಜಿನ್ ನಡುಗಲಾರಂಭಿಸುತ್ತದೆ. ಅದೇ ಕಂಪನಿಯ ಎಫ್-150 ಪಿಕಪ್‌ಗಳಲ್ಲಿ ಬಳಸುತ್ತಿದ್ದ, ಮಾಜ್ದಾ ತಯಾರಿಕೆಯ ಐದು ಗೇರ್‌ಗಳ ಪೆಟ್ಟಿಗೆಯಲ್ಲಿ ಎಂಜಿನ್‌ಗೆ ಜೋಡಿಸುವ ಬೆಲ್‌ಹೌಸಿಂಗ್ ಬೇರೆಯಾಗಿಲ್ಲ. ಕವಚದೊಡನೆ ಒಂದೇ ಎರಕವಾಗಿದೆ. ಹೀಗಾಗಿ ಒಂದು ಎಂಜಿನ್ ಕುಟುಂಬದ ಪೆಟ್ಟಿಗೆ ಮತ್ತೊಂದಕ್ಕೆ ಕೂರದು. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಕೂಡ ಅದರ ಒಳಗೇ ಇರುವುದರಿಂದ, ಸಣ್ಣ ಬೆಲೆಯ ಆ ಭಾಗವನ್ನು ಜೋಡಣೆಯ ಸಮಯದಲ್ಲಿಯೇ ಹೊಸದು ಹಾಕದಿದ್ದರೆ ಮುಂದೆ ಇಡೀ ಪೆಟ್ಟಿಗೆಯನ್ನು ಮತ್ತೆ ಇಳಿಸಬೇಕಾಗುತ್ತದೆ.

ವಾಹನದ ತಯಾರಿಕೆಯ ವರ್ಷವೂ ಮುಖ್ಯ. ಫೋರ್ಡ್‌ನ ಹಳೆಯ ಸಿ-6 ಎಂಬ ಮೂರು ಗೇರ್‌ಗಳ ಸ್ವಯಂಚಾಲಿತ ಪೆಟ್ಟಿಗೆ ಪೂರ್ಣವಾಗಿ ಯಾಂತ್ರಿಕ ಹಾಗೂ ದ್ರವಚಾಲಿತ. ಅದನ್ನು ತೆಗೆದರೆ ಎಂಜಿನ್ನಿಗೆ ಅರಿವಾಗುವುದಿಲ್ಲ. 1989ರಲ್ಲಿ ಬಂದ ಇ-4-ಒಡಿ ಪೆಟ್ಟಿಗೆಯಾದರೋ ಕಂಪ್ಯೂಟರ್ ನಿಯಂತ್ರಿತ. ಅದನ್ನು ತೆಗೆದಾಗ ಕಂಪ್ಯೂಟರ್ ತನ್ನ ಸಂಪರ್ಕಗಳು ಕಾಣೆಯಾದವೆಂದು ದೋಷ ಸೂಚಿಸುತ್ತದೆ. ಕೈಚಾಲಿತ ಮಾದರಿಯ ಕಂಪ್ಯೂಟರನ್ನೇ ತರಬೇಕಾಗುತ್ತದೆ. 1996ರಿಂದ ಅಮೆರಿಕದ ಲಘು ವಾಹನಗಳಿಗೆ ಏಕರೂಪದ ದೋಷಪತ್ತೆ ವ್ಯವಸ್ಥೆ ಕಡ್ಡಾಯವಾದ ಮೇಲೆ, ಹೊಗೆ ತಪಾಸಣೆಯುಳ್ಳ ರಾಜ್ಯಗಳಲ್ಲಿ ಎಂಜಿನ್ ದೋಷದೀಪ ಉರಿಯುತ್ತಿದ್ದರೆ ವಾಹನ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತದೆ.

ಇಷ್ಟೆಲ್ಲ ಭಾಗಗಳನ್ನು ಬಿಡಿಬಿಡಿಯಾಗಿ ಹುಡುಕುವ ಬದಲು, ಅದೇ ಅವಧಿಯ, ಅದೇ ಎಂಜಿನ್ನಿನ, ಅಪಘಾತದಲ್ಲಿ ಜಖಂಗೊಂಡ ಕೈಚಾಲಿತ ಪಿಕಪ್ ಒಂದನ್ನು ಇಡಿಯಾಗಿ ಕೊಳ್ಳುವುದು ಅಲ್ಲಿನ ಅನುಭವಿಗಳ ಪದ್ಧತಿ. ಎಫ್-150ರಲ್ಲಿ ಕೈಚಾಲಿತ ಪೆಟ್ಟಿಗೆ 2008ಕ್ಕೆ ನಿಂತುಹೋಯಿತು. ರಾಮ್ ಕಂಪನಿಯ ಭಾರೀ ಪಿಕಪ್‌ಗಳಲ್ಲಿ 2018ಕ್ಕೆ ಕೊನೆಗೊಂಡಿತು. ಹೀಗಾಗಿ ದೊಡ್ಡ ಪಿಕಪ್‌ಗಳಿಗೆ ಹೊಂದುವ ಭಾಗಗಳ ಮೂಲ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ.

ಒಂದು ಮಾದರಿ ಲೆಕ್ಕ

ಈಗ ಇದನ್ನು ನಮ್ಮ ರೂಪಾಯಿಯ ಭಾಷೆಗೆ ತರೋಣ. ಕೆಳಗಿನ ಮೊತ್ತಗಳು ವಿವರಣೆಗಾಗಿ ಕಲ್ಪಿಸಿಕೊಂಡವು, ತೆರಿಗೆ ಸೇರಿಲ್ಲ. ಪ್ರತಿಯೊಬ್ಬರೂ ತಮ್ಮ ವಾಹನದ ಅಂದಾಜನ್ನು ಆ ಸ್ಥಾನದಲ್ಲಿ ಇಟ್ಟು ನೋಡಬಹುದು.

ಮೊದಲನೆಯ ದಾರಿ, ಇರುವ ಸ್ವಯಂಚಾಲಿತ ಪೆಟ್ಟಿಗೆಯ ಪುನರ್ನಿರ್ಮಾಣ:
ಭಾಗಗಳು ಮತ್ತು ಪುನರ್ನಿರ್ಮಾಣ – ರೂ. 90,000
ಇಳಿಸಿ ಏರಿಸುವ ಕೂಲಿ – ರೂ. 15,000
4 ದಿನ ಬಾಡಿಗೆ ವಾಹನ, ದಿನಕ್ಕೆ ರೂ. 2,500ರಂತೆ – ರೂ. 10,000
ಒಟ್ಟು – ರೂ. 1,15,000

ಎರಡನೆಯ ದಾರಿ, ಕೈಚಾಲಿತಕ್ಕೆ ಪರಿವರ್ತನೆ:
ಬಳಸಿದ ಗೇರ್‌ಬಾಕ್ಸ್ – ರೂ. 60,000
ಫ್ಲೈವೀಲ್, ಕ್ಲಚ್, ಸಿಲಿಂಡರ್‌ಗಳು – ರೂ. 35,000
ಪೆಡಲ್, ಅಡ್ಡ ತೊಲೆ, ಪ್ರೊಪೆಲ್ಲರ್ ಶಾಫ್ಟ್ – ರೂ. 25,000
ವಿದ್ಯುತ್ ಕೆಲಸ ಮತ್ತು ಕಂಪ್ಯೂಟರ್ – ರೂ. 20,000
ಕೂಲಿ – ರೂ. 40,000
12 ದಿನ ಬಾಡಿಗೆ ವಾಹನ – ರೂ. 30,000
ಒಟ್ಟು – ರೂ. 2,10,000

ಮೊದಲ ಸಾಲನ್ನಷ್ಟೇ ಹೋಲಿಸಿದವನಿಗೆ ಪರಿವರ್ತನೆಯಿಂದ ರೂ. 30,000 ಉಳಿಯುವಂತೆ ತೋರುತ್ತದೆ. ಪೂರ್ಣ ಪಟ್ಟಿಯನ್ನು ನೋಡಿದರೆ ರೂ. 95,000 ಹೆಚ್ಚುವರಿ ಖರ್ಚು. ವಾಹನವು ವರ್ಷಕ್ಕೆ 15,000 ಕಿ.ಮೀ. ಓಡುತ್ತದೆ, ಲೀಟರಿಗೆ 10 ಕಿ.ಮೀ. ಬದಲು 11 ಕಿ.ಮೀ. ಕೊಡುತ್ತದೆ, ಇಂಧನದ ಬೆಲೆ ಲೀಟರಿಗೆ ರೂ. 90 ಎಂದು ಇಟ್ಟುಕೊಂಡರೆ ವಾರ್ಷಿಕ ಉಳಿತಾಯ ಸುಮಾರು 136 ಲೀಟರ್, ಅಂದರೆ ರೂ. 12,240. ಹೆಚ್ಚುವರಿ ಖರ್ಚು ತೀರಲು ಏಳೂಮುಕ್ಕಾಲು ವರ್ಷ ಬೇಕು. ಹಳೆಯ ಪಿಕಪ್‌ಗೆ ಅಷ್ಟು ಆಯುಸ್ಸು ಉಳಿದಿದೆಯೇ ಎಂಬುದೇ ನಿಜವಾದ ಪ್ರಶ್ನೆ. ಎಣ್ಣೆಯನ್ನು ತಂಪಾಗಿಸುವ ಹೆಚ್ಚುವರಿ ಕೂಲರ್ ಹಾಕಿಸಿ, ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವ ಅಗ್ಗದ ಮೂರನೆಯ ದಾರಿಯನ್ನು ಗೇರ್‌ಬಾಕ್ಸ್ ಕೆಡುವ ಮೊದಲೇ ಯೋಚಿಸುವುದು ಲೇಸು.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ

ಈವರೆಗಿನದು ಖರ್ಚಿನ ಮಾತು. ನಮ್ಮ ದೇಶದಲ್ಲಿ ಇಂತಹ ಕೆಲಸಕ್ಕೆ ಕೈಹಾಕುವವರು ಮೊದಲು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮನ್ನು ನೋಡಬೇಕು. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂಬುದು ಅದರ ಸಾರ. ನೈಸರ್ಗಿಕ ಅನಿಲ ಮೊದಲಾದ ಬೇರೆ ಇಂಧನಕ್ಕೆ ಹೊಂದಿಸುವ ಅನುಮೋದಿತ ಕಿಟ್‌ಗಳಿಗೆ ಷರತ್ತುಬದ್ಧ ವಿನಾಯಿತಿಯುಂಟು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನಗಳುಳ್ಳ ಮಾಲೀಕರಿಗೆ ಎಂಜಿನ್ ಬದಲಿಸಲು ರಾಜ್ಯ ಸರಕಾರವು ಅಧಿಸೂಚನೆಯ ಮೂಲಕ ಅನುಮತಿ ನೀಡಬಹುದೆಂದೂ ಕಲಮು ಹೇಳುತ್ತದೆ. ಆದರೆ ಆ ಎಂಜಿನ್ ‘ಅದೇ ತಯಾರಿಕೆಯ, ಅದೇ ಬಗೆಯ’ದಾಗಿರಬೇಕು. ಬದಲಿಸುವುದಕ್ಕೂ ಬಗೆಯನ್ನೇ ಬದಲಿಸುವುದಕ್ಕೂ ಇರುವ ಅಂತರವನ್ನು ಕಾನೂನು ಎಷ್ಟು ಎಚ್ಚರದಿಂದ ಕಾಯ್ದುಕೊಂಡಿದೆ ಎಂಬುದು ಇದರಿಂದ ತಿಳಿಯುತ್ತದೆ.

ತಯಾರಕರ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಟು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯು, ಕಾಯಿದೆಗೆ ಒಪ್ಪದ ರೀತಿಯಲ್ಲಿ ಭಾಗಗಳನ್ನು ಅಳವಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸುವ ಅವಕಾಶವನ್ನು ತಂದಿತು. ನೋಂದಣಿ ಪತ್ರದಲ್ಲಿ ಗೇರ್‌ಬಾಕ್ಸ್‌ಗೆಂದೇ ಪ್ರತ್ಯೇಕ ಕಾಲಂ ಸಾಮಾನ್ಯವಾಗಿ ಇರುವುದಿಲ್ಲ. ಅಷ್ಟರಿಂದ ಯಾವ ತೊಡಕೂ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಮಾದರಿಯ ಹೆಸರು ಮತ್ತು ಖಾಲಿ ತೂಕ ಅದರಲ್ಲಿರುತ್ತವೆ. ಎಂಟು ವರ್ಷ ದಾಟಿದ ಸಾರಿಗೆ ವಾಹನವು ಪ್ರತಿ ವರ್ಷ ಅರ್ಹತಾ ಪತ್ರಕ್ಕಾಗಿ ತಪಾಸಣೆಗೆ ನಿಲ್ಲಲೇಬೇಕು. ಆದ್ದರಿಂದ ಬೇರೆ ಬಗೆಯ ಪೆಟ್ಟಿಗೆ ಹಾಕಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದೂ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದೂ ಅವಶ್ಯ. ತಿಳಿಸದ ಮಾರ್ಪಾಟು ಅಪಘಾತದ ದಿನ ಪರಿಹಾರದ ಹಕ್ಕಿಗೆ ಅಡ್ಡ ಬರಬಹುದು.

ಲೆಕ್ಕಪುಸ್ತಕದಲ್ಲಿ ಮತ್ತು ಆದಾಯ ತೆರಿಗೆಯಲ್ಲಿ

ಕೆಟ್ಟ ಗೇರ್‌ಬಾಕ್ಸಿಗೆ ಅದೇ ಬಗೆಯದನ್ನು ಹಾಕಿಸಿ ವಾಹನವನ್ನು ಹಿಂದಿನ ಸ್ಥಿತಿಗೆ ತಂದರೆ ಆದಾಯ ತೆರಿಗೆಯ ದೃಷ್ಟಿಯಲ್ಲಿ ಅದು ಸಾಮಾನ್ಯವಾಗಿ ಚಾಲ್ತಿ ದುರಸ್ತಿ. ಪೂರ್ಣ ಮೊತ್ತ ಆ ವರ್ಷದ ವೆಚ್ಚ. 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮು ಇದಕ್ಕೆ ಆಧಾರವಾಗಿತ್ತು. ಚಾಲ್ತಿ ದುರಸ್ತಿಯಲ್ಲಿ ಬಂಡವಾಳ ವೆಚ್ಚ ಸೇರದೆಂಬ ವಿವರಣೆಯನ್ನು 2003ರ ಹಣಕಾಸು ಕಾಯಿದೆ ಸೇರಿಸಿತು. ಇರುವ ಆಸ್ತಿಯನ್ನು ಕಾಪಾಡಿ ಉಳಿಸಿಕೊಳ್ಳುವ ವೆಚ್ಚವೋ, ಹೊಸ ಆಸ್ತಿ ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚವೋ ಎಂಬುದು ಪರೀಕ್ಷೆ. ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರ ಹೊಸ ಕಾಯಿದೆ ರಚಿತವಾಗಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಈ ಮೂಲತತ್ವ ಬದಲಾಗಿಲ್ಲ.

ಬಗೆಯನ್ನೇ ಬದಲಿಸಿದಾಗ ತೀರ್ಮಾನ ಅಷ್ಟು ಸುಲಭವಲ್ಲ. ಸವೆದ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಹಾಕಿಸಿದ ಹಳೆಯ ಪ್ರಕರಣಗಳಲ್ಲಿಯೇ ಬೇರೆ ಬೇರೆ ಉಚ್ಚ ನ್ಯಾಯಾಲಯಗಳು ಬೇರೆ ಬೇರೆ ಅಭಿಪ್ರಾಯ ತಳೆದಿವೆ. ಹೀಗಿರುವಾಗ ಎಚ್ಚರಿಕೆಯ ಮಾರ್ಗವೆಂದರೆ ಪರಿವರ್ತನೆಯನ್ನು ಬಂಡವಾಳ ವೆಚ್ಚವೆಂದು ಎಣಿಸಿ ಯೋಜನೆ ಹಾಕುವುದು. ನಮ್ಮ ಮಾದರಿ ಲೆಕ್ಕದಲ್ಲಿ ಇದರ ಪರಿಣಾಮ ನೋಡಿ. ಮೊದಲ ದಾರಿಯಲ್ಲಿ ಬಾಡಿಗೆ ಬಿಟ್ಟು ರೂ. 1,05,000 ಪೂರ್ತಿಯಾಗಿ ಅದೇ ವರ್ಷ ಕಳೆಯುತ್ತದೆ. ಎರಡನೆಯ ದಾರಿಯ ರೂ. 1,80,000ಕ್ಕೆ ಶೇ. 15ರ ಸವಕಳಿಯಂತೆ ಮೊದಲ ವರ್ಷ ಕಳೆಯುವುದು ರೂ. 27,000 ಮಾತ್ರ, ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ರೂ. 13,500. ಬಾಡಿಗೆಗೆ ಓಡಿಸುವುದನ್ನೇ ವ್ಯವಹಾರವಾಗಿ ಉಳ್ಳವರ ಲಾರಿಗಳಿಗೆ ದರ ಶೇ. 30. ಅನುಮಾನಾಧಾರಿತ ಆದಾಯ ಯೋಜನೆಯಲ್ಲಿ ಶೇ. 8 ಅಥವಾ 6ರಂತೆ ಲಾಭ ತೋರಿಸುವ ಸಣ್ಣ ವ್ಯಾಪಾರಿಗೆ ಎರಡರಲ್ಲಿಯೂ ಪ್ರತ್ಯೇಕ ಕಡಿತ ಸಿಗುವುದಿಲ್ಲ. ಆತನಿಗೆ ಖರ್ಚು ಪೂರ್ತಿ ಕೈಯಿಂದಲೇ.

2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನದಂಡ 10ರ ಪ್ರಕಾರ ದೈನಂದಿನ ನಿರ್ವಹಣೆ ವೆಚ್ಚ. ಮುಂದಿನ ವರ್ಷಗಳಿಗೆ ಪ್ರಯೋಜನ ಕೊಡುವ ಮುಖ್ಯ ಭಾಗದ ಬದಲಾವಣೆಯನ್ನು ಆಸ್ತಿಗೆ ಸೇರಿಸಿ, ತೆಗೆದ ಭಾಗದ ಉಳಿಕೆ ಮೌಲ್ಯವನ್ನು ಕಳೆಯಬೇಕು. ಪುಸ್ತಕದ ನಮೂದು ತೆರಿಗೆಯನ್ನು ಅಂತಿಮವಾಗಿ ನಿರ್ಧರಿಸದೆಂದು 1971ರ ಕೇದಾರನಾಥ್ ಜ್ಯೂಟ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಎಂದರೆ ಬಿಲ್ಲನ್ನು ಹತ್ತು ತುಂಡು ಮಾಡಿ ಪ್ರತಿಯೊಂದಕ್ಕೂ ‘ದುರಸ್ತಿ’ ಎಂದು ಬರೆಸಿಕೊಂಡ ಮಾತ್ರಕ್ಕೆ ಮಾರ್ಪಾಟು ದುರಸ್ತಿಯಾಗುವುದಿಲ್ಲ.

ಪಾವತಿ ಮತ್ತು ಸರಕು ಸೇವಾ ತೆರಿಗೆ

ಒಬ್ಬನಿಗೆ ಒಂದೇ ದಿನ ರೂ. 10,000 ಮೀರಿ ನಗದಾಗಿ ಕೊಟ್ಟರೆ, ಅದು ದುರಸ್ತಿಯಾದಲ್ಲಿ ವೆಚ್ಚವಾಗಿ ಒಪ್ಪಿತವಾಗದು. ಬಂಡವಾಳವಾದಲ್ಲಿ ಸವಕಳಿಗೆ ಸೇರದು. ಹಳೆಯ ಬಿಡಿಭಾಗಗಳ ವ್ಯಾಪಾರ ಬಹುಮಟ್ಟಿಗೆ ನಗದಿನಲ್ಲಿ, ಬಿಲ್ಲಿಲ್ಲದೆ ನಡೆಯುವುದರಿಂದ ಈ ಎಚ್ಚರಿಕೆ ವಿಶೇಷವಾಗಿ ಬೇಕು. ಬಿಲ್ಲಿಲ್ಲದ ಗೇರ್‌ಬಾಕ್ಸ್ ಕದ್ದ ವಾಹನದ್ದಾಗಿದ್ದರೆ ತೊಂದರೆ ತೆರಿಗೆಯ ಆಚೆಗೂ ಹೋಗುತ್ತದೆ.

ಸರಕು ವಾಹನದ ಭಾಗಗಳು ಮತ್ತು ದುರಸ್ತಿ ಸೇವೆಯ ಮೇಲಿನ ಹೂಡುವಳಿ ತೆರಿಗೆಯನ್ನು ನೋಂದಾಯಿತ ವ್ಯಾಪಾರಿ ಸಾಮಾನ್ಯವಾಗಿ ಪಡೆಯಬಹುದು; ಪ್ರಯಾಣಿಕರ ಕಾರಿಗಿರುವ ನಿರ್ಬಂಧ ಇಲ್ಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ದರ ಶೇ. 18ಕ್ಕೆ ಏಕರೂಪವಾಗಿದೆ. ಬಂಡವಾಳವೆಂದು ಸೇರಿಸಿದಾಗ, ಜಮೆ ಪಡೆದ ತೆರಿಗೆಯ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ತೆಗೆದ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಮಾರಿದರೆ ಅದಕ್ಕೂ ಬಿಲ್ಲು ಮತ್ತು ತೆರಿಗೆ ಉಂಟು.

ಅನುಸರಿಸಬೇಕಾದ ಕ್ರಮ

ವಾಹನವನ್ನು ಬಿಚ್ಚುವ ಮೊದಲು ಈ ಕ್ರಮವನ್ನು ಪಾಲಿಸಿದರೆ ಮುಂದಿನ ತೊಡಕು ತಪ್ಪುತ್ತದೆ.

1. ಅದೇ ಬಗೆಯ ದುರಸ್ತಿಗೂ ಬೇರೆ ಬಗೆಯ ಪರಿವರ್ತನೆಗೂ ಪ್ರತ್ಯೇಕ ಲಿಖಿತ ಅಂದಾಜು ತರಿಸಿ. ವಾಹನ ನಿಲ್ಲುವ ದಿನಗಳನ್ನೂ ಅದರಲ್ಲಿ ಸೇರಿಸಿ.

2. ಎರಡರ ವ್ಯತ್ಯಾಸವನ್ನು ವಾರ್ಷಿಕ ಉಳಿತಾಯದಿಂದ ಭಾಗಿಸಿ, ಬಂದ ವರ್ಷಗಳನ್ನು ವಾಹನದ ಉಳಿದ ಆಯುಸ್ಸಿನೊಡನೆ ಹೋಲಿಸಿ.

3. ಬಗೆ ಬದಲಾಗುವುದಾದರೆ ಸಾರಿಗೆ ಕಚೇರಿ ಮತ್ತು ವಿಮಾ ಕಂಪನಿಗಳ ಲಿಖಿತ ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.

4. ವೆಚ್ಚವು ಯಾವ ಖಾತೆಗೆ ಎಂಬುದನ್ನು ಬಿಲ್ಲು ಬರುವ ಮುನ್ನವೇ ನಿಮ್ಮ ಲೆಕ್ಕಪರಿಶೋಧಕರೊಡನೆ ನಿಶ್ಚಯಿಸಿ. ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಿ.

5. ಹಳೆಯ ಪೆಟ್ಟಿಗೆಯ ವಿಲೇವಾರಿಯನ್ನೂ ದಾಖಲಿಸಿ.

ಈ ಐದನ್ನೂ ಪೂರೈಸಿದ ಮೇಲೆಯೂ ಪರಿವರ್ತನೆ ಲಾಭದಾಯಕವೆಂದು ಕಂಡರೆ ಧೈರ್ಯದಿಂದ ಮಾಡಿಸಬಹುದು. ಬಹುಪಾಲು ಹಳೆಯ ವಾಹನಗಳ ವಿಷಯದಲ್ಲಿ ಎರಡನೆಯ ಅಂಶದ ಭಾಗಾಕಾರವೇ ಉತ್ತರ ಹೇಳಿಬಿಡುತ್ತದೆ. ಆ ಭಾಗಾಕಾರಕ್ಕೆ ತಗಲುವುದು ಒಂದು ಹಾಳೆ ಕಾಗದ. ಅದನ್ನು ಮಾಡದೆ ಹೋದರೆ ತಗಲುವುದು ನಮ್ಮ ಉದಾಹರಣೆಯಲ್ಲಿ ರೂ. 95,000.